ಬಾಣಂತಿ ಕೋಣೆಯ ಬೆಳಕು

ನಾನು ಮದುವೆಯಾಗಿ ಕೋಲಾರಕ್ಕೆ ಬರುವ ಹೊತ್ತಿಗೆ ನಮ್ಮ ಯಜಮಾನರು ಫೋಟೋ ಅಂಗಡಿ ಇಟ್ಟು ಕೆಲವು ವರ್ಷಗಳಾಗಿದ್ದವು. ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಹಜಾರದ ಮೇಲೆ ಉತ್ತರದ ಕಡೆಗೆ ಹೆಂಚು ತೆಗೆಸಿ ಗಾಜು ಕೂರಿಸಿದ್ದರು. ಗಾಜಿನ ಕೆಳಗೆ ಎಳೆಯಲು ಬಿಡಲು ಬರುವಂಥ ಬಿಳಿ ಪರದೆ, ಅದರ ಕೆಳಗೆ ಒಂದು ಕುರ್ಚಿ, ಕುರ್ಚಿಯ ಹಿಂದೆ ಬಣ್ಣ ಬಳಿದ ಬಟ್ಟೆ. ನಾನು ಯಲ್ದೂರಿನ ಬೇಸಾಯಗಾರರ ಮನೆಯವಳು. ಬೆಳಕು ಎಂದರೆ ನನಗೆ ರಾಗಿ ಒಣಗುವುದಕ್ಕೆ, ಹಪ್ಪಳ ಹಾಕುವುದಕ್ಕೆ ಬೇಕಾದ ಬಿಸಿಲು. ಅದನ್ನು ಪರದೆ ಎಳೆದು ಹೆಚ್ಚುಕಡಿಮೆ ಮಾಡಬಹುದು, ಒಂದು ಕೆನ್ನೆಗೆ ಇಷ್ಟು ಸಾಕು, ಇನ್ನೊಂದಕ್ಕೆ ಇನ್ನೂ ಸ್ವಲ್ಪ ಬೇಕು ಎನ್ನಬಹುದು ಎಂಬುದನ್ನು ಆ ಮನೆಗೆ ಬಂದ ಮೇಲೆ ಕಂಡೆ.

ಊರೂರಿಗೆ ಹೋಗುವಾಗ ಯಜಮಾನರು ಒಯ್ಯುತ್ತಿದ್ದದ್ದು ಮಡಿಸುವ ಕ್ಯಾಮೆರಾ. ಮುಚ್ಚಳ ತೆರೆದರೆ ಕಮ್ಮಾರನ ತಿದಿಯ ಹಾಗೆ ಚರ್ಮದ ಮಡಿಕೆಗಳು ಮುಂದಕ್ಕೆ ಚಾಚಿಕೊಂಡು ತುದಿಯಲ್ಲಿ ಗಾಜಿನ ಮಸೂರ ನಿಲ್ಲುತ್ತಿತ್ತು. ಅವರು ಅದನ್ನು ಕೊಂಡಾಗಲೇ ಅದು ಹಳೆಯದು. ಅದರಲ್ಲಿ ಬೆಳಕನ್ನು ಅಳೆಯುವ ಯಾವ ಉಪಾಯವೂ ಇರಲಿಲ್ಲ. ಮಸೂರದ ಬಾಯಿಯನ್ನು ಎಷ್ಟು ಅಗಲ ಇಡಬೇಕು, ಎಷ್ಟು ಹೊತ್ತು ತೆರೆದಿಡಬೇಕು ಎಂಬುದನ್ನು ತೆಗೆಯುವವರೇ ಅಂದಾಜು ಮಾಡಬೇಕು. ಯಜಮಾನರು ಅಂಗೈಯನ್ನು ಮುಂದೆ ಚಾಚಿ, ಬೆರಳುಗಳ ನಡುವಿನ ನೆರಳು ಎಷ್ಟು ಕಪ್ಪಾಗಿದೆ ಎಂದು ನೋಡುತ್ತಿದ್ದರು. ಆಮೇಲೆ ಕ್ಯಾಮೆರಾದ ಮೇಲೆ ಎರಡು ಕಡೆ ಬೆರಳಾಡಿಸುತ್ತಿದ್ದರು. ಅಷ್ಟೇ. ಮೊದಲ ವರ್ಷಗಳಲ್ಲಿ ಅವರ ಅಂದಾಜು ತಪ್ಪಿದ್ದನ್ನು ನಾನು ಕಾಣೆ.

ಅವರ ಕಣ್ಣು ಮಂಜಾಗುತ್ತಿದೆ ಎಂಬುದಕ್ಕೆ ಗುರುತುಗಳು ಮನೆಯಲ್ಲಿ ಮೊದಲು ಕಂಡವು, ಆದರೆ ನಾವು ಯಾರೂ ಅದನ್ನು ಹಾಗೆಂದುಕೊಳ್ಳಲಿಲ್ಲ. ಸಂಜೆ ದೀಪ ಹಚ್ಚುವುದಕ್ಕೆ ಮೊದಲು ಹೊಸಿಲು ಎಡವುತ್ತಿದ್ದರು. ಲೋಟದಲ್ಲಿ ನೀರಿದೆ ಎಂದು ಬರಿಯ ಲೋಟ ಎತ್ತುತ್ತಿದ್ದರು. ಮಗನ ಗಮನ ಎಲ್ಲೋ ಇದೆ ಎಂದು ನಮ್ಮತ್ತೆ ಗೊಣಗುತ್ತಿದ್ದರು. ಚಿಕ್ಕಂದಿನಿಂದಲೂ ಅವರಿಗೆ ಇರುಳಲ್ಲಿ ಕಣ್ಣು ಮಂದವಂತೆ. ಊರಲ್ಲಿ ಹಾಗೆ ಎಷ್ಟೋ ಜನರಿದ್ದರು, ಸೊಪ್ಪು ತಿಂದರೆ ಸರಿಹೋಗುತ್ತದೆ ಎಂದು ಹೇಳುತ್ತಿದ್ದರು. ನಾನು ದಿನವೂ ನುಗ್ಗೆ ಸೊಪ್ಪು ಮಾಡಿ ಹಾಕಿದೆ.

ಎರಡನೆಯ ಮಹಾಯುದ್ಧ ಶುರುವಾದಾಗ ಚಿನ್ನದ ಗಣಿಯಲ್ಲಿದ್ದ ಒಬ್ಬ ಬಿಳಿಯ ಇಂಜಿನಿಯರು ಹೆಂಡತಿ ಮಕ್ಕಳನ್ನು ಕರೆದುಕೊಂಡು ತಮ್ಮ ದೇಶಕ್ಕೆ ಹೊರಟರು. ಅವರ ಮನೆಯ ಫೋಟೋಗಳನ್ನೆಲ್ಲ ನಮ್ಮ ಯಜಮಾನರೇ ತೊಳೆದು ಅಚ್ಚು ಹಾಕಿ ಕೊಡುತ್ತಿದ್ದರು. ಹೊರಡುವ ಮುಂಚೆ ಆತ ಅಂಗಡಿಗೆ ಬಂದು, ಚರ್ಮದ ಸಣ್ಣ ಚೀಲವೊಂದನ್ನು ನೆನಪಿಗೆ ಇರಲಿ ಎಂದು ಕೊಟ್ಟು ಹೋದರು. ಅದರೊಳಗಿದ್ದದ್ದು ಬೆಳಕು ಅಳೆಯುವ ಮೀಟರು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ಕಪ್ಪು ಬಣ್ಣ. ಒಂದು ಮಗ್ಗುಲಲ್ಲಿ ಜೇನುಗೂಡಿನಂತೆ ಕಣ್ಣುಕಣ್ಣಿನ ಗಾಜು. ಇನ್ನೊಂದು ಮಗ್ಗುಲಲ್ಲಿ ಗಡಿಯಾರದ ಮುಳ್ಳಿನಂಥ ಸಣ್ಣ ಮುಳ್ಳು, ಅದರ ಕೆಳಗೆ ಅಂಕಿಗಳು, ಸುತ್ತಲೂ ತಿರುಗಿಸುವ ಬಿಲ್ಲೆ. ಕೀಲಿ ಕೊಡುವುದೂ ಬೇಡ, ಬ್ಯಾಟರಿಯೂ ಬೇಡ. ಗಾಜಿನ ಮುಖವನ್ನು ಬೆಳಕಿನ ಕಡೆ ಹಿಡಿದರೆ ಮುಳ್ಳು ತಾನಾಗಿ ಏಳುತ್ತಿತ್ತು, ಕೈ ಅಡ್ಡ ಹಿಡಿದರೆ ಮಲಗುತ್ತಿತ್ತು. ಮುಳ್ಳು ತೋರಿಸಿದ ಅಂಕಿಗೆ ಬಿಲ್ಲೆಯನ್ನು ತಿರುಗಿಸಿ ಇಟ್ಟರೆ, ಮಸೂರದ ಬಾಯಿ ಇಷ್ಟಿದ್ದರೆ ಇಷ್ಟು ಹೊತ್ತು ಎಂದು ಅದೇ ಹೇಳುತ್ತಿತ್ತು.

ಯಜಮಾನರಿಗೆ ಅದು ಹೊಸ ಆಟದ ಸಾಮಾನಿನಂತಾಯಿತು. ಮೊದಲ ತೊಡಕು ಬಂದದ್ದು ಫಿಲ್ಮಿನಿಂದ. ಒಂದೊಂದು ಫಿಲ್ಮು ಬೆಳಕನ್ನು ಒಂದೊಂದು ವೇಗದಲ್ಲಿ ಹೀರುತ್ತದೆ, ಆ ವೇಗವನ್ನು ಮೊದಲು ಮೀಟರಿನಲ್ಲಿ ಇಡಬೇಕು. ನಮ್ಮ ಫಿಲ್ಮಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಅಂಕಿ ಒಂದು ದೇಶದ ಲೆಕ್ಕ, ಮೀಟರಿನ ಬಿಲ್ಲೆಯ ಮೇಲಿದ್ದದ್ದು ಇನ್ನೊಂದು ದೇಶದ ಲೆಕ್ಕ. ಒಂದಕ್ಕೊಂದು ತಾಳೆಯಾಗಲಿಲ್ಲ. ಕೊನೆಗೆ ಅವರು ಹಿತ್ತಲ ಗೋಡೆಗೆ ಒರಗಿಸಿ ನನ್ನನ್ನು ನಿಲ್ಲಿಸಿ, ಒಂದೊಂದು ಚಿತ್ರಕ್ಕೂ ಬಿಲ್ಲೆಯನ್ನು ಒಂದೊಂದು ಕಡೆ ಇಟ್ಟು ಒಂದು ರೋಲು ಪೂರ್ತಿ ತೆಗೆದರು. ತೊಳೆದು ಒಣಗಿಸಿದ ಮೇಲೆ ನನ್ನ ಮುಖ ಯಾವುದರಲ್ಲಿ ಸರಿಯಾಗಿ ಬಂದಿದೆಯೋ ಆ ಅಂಕಿಯ ಪಕ್ಕ ಚಾಕುವಿನಿಂದ ಸಣ್ಣ ಗೀರು ಹಾಕಿದರು. ಅಂದಿನಿಂದ ಅದೇ ನಮ್ಮ ಲೆಕ್ಕ.

ಬಿಸಿಲಿನಲ್ಲಿ ಅವರ ಅಂದಾಜೂ ಮೀಟರೂ ಒಂದೇ ಆಗುತ್ತಿದ್ದವು. ಮೊದಲು ಅಂಗೈ ಚಾಚಿ ತಾವು ಹೇಳುವುದು, ಆಮೇಲೆ ಮೀಟರು ಹಿಡಿದು ನೋಡಿ ನಗುವುದು. ಒಳಗೆ, ನೆರಳಿನಲ್ಲಿ, ಎರಡೂ ಬೇರೆಬೇರೆ ಹೇಳತೊಡಗಿದವು. ಆಗ ಅವರು ಮೀಟರನ್ನು ಚೀಲಕ್ಕೆ ಹಾಕಿ ತಮ್ಮ ಅಂದಾಜಿನ ಮೇಲೇ ತೆಗೆಯುತ್ತಿದ್ದರು.

ಮಾಲೂರಿನಲ್ಲಿ ಒಂದು ಮದುವೆ ಬಂತು. ಛತ್ರದೊಳಗೆ ಧಾರೆ, ಒಳಗೇ ಹಸೆ. ಹೆಂಗಸರ ಕಡೆ ಸೀರೆ ಸರಿಪಡಿಸಿ ಕೂರಿಸುವುದಕ್ಕೆ ಒಬ್ಬರು ಬೇಕೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಛತ್ರದ ಬಾಗಿಲುಗಳೆಲ್ಲ ತೆರೆದಿದ್ದವು, ಹೊರಗೆ ಒಳ್ಳೆಯ ಬಿಸಿಲಿತ್ತು, ನನಗೆ ಎಲ್ಲರ ಮುಖವೂ ಚೆನ್ನಾಗಿ ಕಾಣುತ್ತಿತ್ತು. ಯಜಮಾನರು ಕತ್ತಲು, ಕತ್ತಲು ಎನ್ನುತ್ತಲೇ ಷಟರನ್ನು ಬಹಳ ಹೊತ್ತು ತೆರೆದಿಟ್ಟರು. ತೊಳೆದಾಗ ನೆಗೆಟಿವ್‌ಗಳೆಲ್ಲ ಇದ್ದಿಲಿನ ಹಾಗೆ ಕಪ್ಪಾಗಿ ಬಂದವು. ಎಷ್ಟು ಪಾಡುಪಟ್ಟು ಅಚ್ಚು ಹಾಕಿದರೂ ಮದುಮಗಳ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಕಣ್ಣು ಎಲ್ಲಿ ಮೂಗು ಎಲ್ಲಿ ಎಂದು ಗೊತ್ತಾಗದ ಹಾಗೆ. ಅಷ್ಟು ಹೊತ್ತು ಯಾರೂ ಅಲುಗದೆ ನಿಂತಿರಲಿಲ್ಲವಾದ್ದರಿಂದ ಕೈಗಳೆಲ್ಲ ಕದಡಿಹೋಗಿದ್ದವು. ಹುಡುಗಿಯ ತಂದೆ ಅಂಗಡಿಗೆ ಬಂದು ಒಂದೊಂದನ್ನೇ ನೋಡಿದರು. ಅವರು ಕೂಗಾಡಲಿಲ್ಲ.

“ಇನ್ನೊಂದು ಸಲ ಮದುವೆ ಮಾಡಕ್ಕಾಗಲ್ವಲ್ಲ ಸ್ವಾಮಿ,” ಎಂದಷ್ಟೇ ಹೇಳಿ ಚಿತ್ರಗಳನ್ನು ಒಲ್ಲೆನೆಂದು ಮೇಜಿನ ಮೇಲೇ ಬಿಟ್ಟು ಹೋದರು.

ಮಾರನೆಯ ದಿನ ಊಟವಾದ ಮೇಲೆ ಯಜಮಾನರು ಹಜಾರದಲ್ಲಿ ಮೀಟರು ಹಿಡಿದು ಕೂತಿದ್ದರು. ಅದು ಕೆಟ್ಟಿದೆ, ಒಳಗಡೆ ಹಿಡಿದರೆ ಮುಳ್ಳು ಏಳುವುದೇ ಇಲ್ಲ ಎಂದು ಹೇಳಿದರು. ನಾನು ಪಕ್ಕದಲ್ಲಿ ಕೂತು ಬಗ್ಗಿ ನೋಡಿದೆ. ಮುಳ್ಳು ಎದ್ದಿತ್ತು. ಒಂದು ಅಂಕಿಯ ಮೇಲೆ ನೆಟ್ಟಗೆ ನಿಂತಿತ್ತು. ಅವರ ಕೈ ಸ್ವಲ್ಪ ಅಲುಗಿದರೆ ಅದೂ ಅಲುಗುತ್ತಿತ್ತು. ಅವರ ಕಣ್ಣು ಅದರ ಮೇಲೇ ಇತ್ತು, ಆದರೆ ಅವರಿಗೆ ಕಾಣುತ್ತಿರಲಿಲ್ಲ.

“ಮುಳ್ಳು ಆಡ್ತಾ ಇದೆ ರೀ,” ಎಂದೆ. “ನಾನು ನೋಡ್ತಾ ಇದೀನಿ.”

ಅವರು ಮೀಟರನ್ನು ನನ್ನ ಮಡಿಲಿಗೆ ಇಟ್ಟು ಎದ್ದು ಹಿತ್ತಲಿಗೆ ಹೋದರು. ನಾನು ಹಿಂದೆ ಹೋಗಲಿಲ್ಲ.

ಬೆಂಗಳೂರಿನ ಕಣ್ಣಿನ ಡಾಕ್ಟರೊಬ್ಬರಿಗೆ ತೋರಿಸಿದ್ದಾಯಿತು. ಕಣ್ಣಿನ ಹಿಂಬದಿಯ ಪರದೆ ಅಂಚಿನಿಂದ ಸಾಯುತ್ತಾ ಬರುತ್ತಿದೆ, ಮೊದಲು ಮಬ್ಬು ಬೆಳಕಿನಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ನಡುವಿನದು ಎಂದು ಅವರು ಬಿಡಿಸಿ ಹೇಳಿದರು. ಔಷಧಿ ಏನಾದರೂ ಎಂದು ಕೇಳಿದ್ದಕ್ಕೆ ಇಲ್ಲ ಎಂದರು. ಹಿಂದಕ್ಕೆ ಬರುವಾಗ ರೈಲಿನಲ್ಲಿ ಯಜಮಾನರು ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದರು. ಮಾಲೂರು ಸ್ಟೇಷನ್ನು ದಾಟಿದ ಮೇಲೆ ನನ್ನ ಕಡೆ ತಿರುಗಿ, ನಿನಗೆ ಇಂಗ್ಲಿಷ್ ಅಂಕಿ ಓದಲು ಬರುತ್ತದಲ್ಲ ಎಂದು ಕೇಳಿದರು. ಬರುತ್ತದೆ ಎಂದೆ. ನಾಲ್ಕನೆಯ ತರಗತಿಯವರೆಗೆ ಓದಿದ್ದೆ. ಅವರು ತಲೆ ಆಡಿಸಿ ಮತ್ತೆ ಹೊರಗೆ ನೋಡಿದರು.

ಹಾಗೆ ನಾನು ಮುಳ್ಳು ಓದುವವಳಾದೆ. ಮೊದಮೊದಲು ನಾನು ಅಂಕಿ ಹೇಳುತ್ತಿದ್ದೆ, ಬಿಲ್ಲೆ ತಿರುಗಿಸಿ ಲೆಕ್ಕ ಒಪ್ಪಿಸುತ್ತಿದ್ದೆ, ಅವರು ಕ್ಯಾಮೆರಾ ನೋಡಿಕೊಳ್ಳುತ್ತಿದ್ದರು. ಮೀಟರನ್ನು ಎಲ್ಲಿ ಹಿಡಿಯಬೇಕು ಎಂಬುದರಲ್ಲೇ ಎಲ್ಲಾ ಇದೆ ಎಂದು ಅವರು ಕಲಿಸಿದರು. ದೂರದಲ್ಲಿ ನಿಂತು ಹಿಡಿದರೆ ಆಕಾಶದ ಬೆಳಕೂ ಸುಣ್ಣದ ಗೋಡೆಯ ಬೆಳಕೂ ಸೇರಿಕೊಂಡು ಮುಳ್ಳು ಸುಳ್ಳು ಹೇಳುತ್ತದೆ. ಮುಖದ ಹತ್ತಿರ ಹೋಗಬೇಕು, ನಮ್ಮ ನೆರಳು ಆ ಮುಖದ ಮೇಲೆ ಬೀಳದಂತೆ ಪಕ್ಕಕ್ಕೆ ನಿಂತು ಹಿಡಿಯಬೇಕು. ಮಬ್ಬಿನಲ್ಲಿ ಮುಳ್ಳು ಏಳದೆ ಹೋದರೆ ಮುಖದ ಜಾಗದಲ್ಲಿ ಬಿಳಿಯ ಬಟ್ಟೆ ಇಟ್ಟು ಅದನ್ನು ಅಳೆದು, ಬಿಳಿಯದು ಮುಖಕ್ಕಿಂತ ಹೆಚ್ಚು ಬೆಳಕು ಮರಳಿಸುವುದರಿಂದ ಬಂದ ಹೊತ್ತನ್ನು ಐದರಷ್ಟು ಮಾಡಬೇಕು. ಗಂಡಸರು ನಾನು ಅಷ್ಟು ಹತ್ತಿರ ಬರುವುದಕ್ಕೆ ಮುಜುಗರಪಡುತ್ತಿದ್ದರು. ಹೆಂಗಸರಿಗೆ ಅದರಿಂದಲೇ ಧೈರ್ಯ ಬರುತ್ತಿತ್ತು.

ಸೊಸೆ ಊರೂರು ಸುತ್ತುವುದು ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಆದರೆ ಮಗನನ್ನು ಒಬ್ಬನೇ ಕಳಿಸುವ ಧೈರ್ಯವೂ ಅವರಿಗೆ ಇರಲಿಲ್ಲ. ಯುದ್ಧದ ಕಾಲ. ಸೈನ್ಯಕ್ಕೆ ಸೇರಿ ಹೊರಟ ಹುಡುಗರ ಮನೆಯವರು ಒಂದು ಫೋಟೋ ಇರಲಿ ಎಂದು ಕರೆಸುತ್ತಿದ್ದರು. ಫಿಲ್ಮು ಸಿಗುವುದು ದುಸ್ತರವಾಗಿತ್ತು. ಮೊದಲಿನ ಹಾಗೆ ಒಂದೇ ಚಿತ್ರವನ್ನು ಎರಡು ಮೂರು ಸಲ ತೆಗೆಯುವಂತಿರಲಿಲ್ಲ. ಆವಣಿಗೆ, ಶ್ರೀನಿವಾಸಪುರಕ್ಕೆ, ರಾಯಲ್ಪಾಡಿಗೆ ಹೋದೆವು. ಆ ಕಡೆ ತೆಲುಗು ಮಾತು. ನನಗೆ ಅದು ತವರಿನಿಂದಲೇ ಬರುತ್ತಿತ್ತು.

ಈಗ ಹೇಳಬೇಕೆಂದಿರುವುದು ಮುಳಬಾಗಿಲಿನ ಸಂಗತಿ. ಚಳಿಗಾಲ ಶುರುವಾಗಿತ್ತು. ಒಂದು ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಒಬ್ಬ ಯುವಕ ಜಗಲಿಯ ಮೇಲೆ ಕೂತಿದ್ದ. ಮುಳಬಾಗಿಲಿನ ಹತ್ತಿರದ ಹಳ್ಳಿಯವನು, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆತನ. ಹೆಂಡತಿ ಚೊಚ್ಚಲ ಬಾಣಂತಿ. ಹೆರಿಗೆಯಾದಾಗಿನಿಂದ ಜ್ವರ ಬಿಟ್ಟಿಲ್ಲ, ನಂಜಾಗಿದೆ, ಆಸ್ಪತ್ರೆಯವರು ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಅವಳು ತನ್ನದೂ ಮಗುವಿನದೂ ಒಂದು ಫೋಟೋ ತೆಗೆಸಬೇಕು ಎಂದು ಹಟ ಹಿಡಿದಿದ್ದಾಳೆ. ಇಷ್ಟನ್ನೂ ಅವನು ನೆಲ ನೋಡಿಕೊಂಡು ಹೇಳಿದ. ಬಾಣಂತಿ ಕೋಣೆಯೊಳಗೆ ಹೊರಗಿನ ಗಂಡಸರನ್ನು ಬಿಡುವುದಿಲ್ಲ, ನಿಮ್ಮ ಜೊತೆ ಅಮ್ಮನವರೂ ಬರುತ್ತಾರೆಂದು ಕೇಳಿದೆ, ಅದಕ್ಕೇ ಬಂದೆ ಎಂದ.

ಅಲ್ಲಿಯವರೆಗೆ ನಾನು ಒಂದು ಚಿತ್ರವನ್ನೂ ಒಬ್ಬಳೇ ತೆಗೆದಿರಲಿಲ್ಲ. ಯಜಮಾನರ ಮುಖ ನೋಡಿದೆ. ಅವರು ಎದ್ದು ಕ್ಯಾಮೆರಾ ತಂದು ಚೀಲಕ್ಕೆ ಹಾಕಿದರು. ಉಳಿದಿದ್ದ ಫಿಲ್ಮು ರೋಲನ್ನು ತುಂಬುವಾಗ ನನ್ನ ಕೈಯಿಂದಲೇ ತುಂಬಿಸಿದರು.

ಪೆಟ್ರೋಲು ಇಲ್ಲದ ಕಾಲವಾದ್ದರಿಂದ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಂದು ಒಲೆ ಕಟ್ಟಿರುತ್ತಿದ್ದರು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ದಾರಿಯುದ್ದಕ್ಕೂ ಯಜಮಾನರು ನನಗೆ ಮೆಲ್ಲಗೆ ಹೇಳಿಕೊಡುತ್ತಾ ಬಂದರು. ದೂರವನ್ನು ಕಣ್ಣಂದಾಜಿನಲ್ಲಿ ಇಡಬೇಡ, ಹಗ್ಗ ಹಿಡಿದು ಅಳೆ. ಸ್ಟ್ಯಾಂಡಿನ ಕಾಲು ನೆಲದಲ್ಲಿ ಕೂತಿದೆಯೇ ನೋಡು. ಷಟರಿನ ತಂತಿಯನ್ನು ಒತ್ತುವಾಗ ನೀನು ಉಸಿರು ಬಿಗಿಹಿಡಿ. ಎದುರು ಸೀಟಿನಲ್ಲಿ ಕೂತಿದ್ದ ಆ ಹುಡುಗ ಏನೂ ಕೇಳಿಸದವನಂತೆ ಕೂತಿದ್ದ.

ಮನೆ ದೊಡ್ಡದೇ. ಅಂಗಳದ ಒಂದು ಬದಿಯಲ್ಲಿ ಹುಳದ ಮನೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೂ ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಇನ್ನೊಂದು ಬದಿಯಲ್ಲಿ ಬಾಣಂತಿ ಕೋಣೆ. ಯಜಮಾನರನ್ನು ಜಗಲಿಯ ಮೇಲೆ ಕೂರಿಸಿ ನಾನು ಒಳಗೆ ಹೋದೆ.

ಕೋಣೆಯಲ್ಲಿ ಒಂದೇ ಕಿಟಕಿ, ಅದಕ್ಕೂ ಗಾಳಿ ನುಗ್ಗದಿರಲೆಂದು ಕಂಬಳಿ ಕಟ್ಟಿದ್ದರು. ಸಾಂಬ್ರಾಣಿ ಹೊಗೆ ತುಂಬಿತ್ತು. ನಾನು ಮೀಟರು ಹಿಡಿದೆ. ಮುಳ್ಳು ಸತ್ತಂತೆ ಬಿದ್ದಿತ್ತು. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಮಂಚದ ಮೇಲೆ ಅವಳು ಕಂಡಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ತಲೆಗೆ ಬಟ್ಟೆ ಕಟ್ಟಿದ್ದರು. ಪಕ್ಕದಲ್ಲಿ ಮಗು, ಹೆಣ್ಣು. ಅವಳ ತಾಯಿ ತಲೆಯ ಹತ್ತಿರ ಕೂತಿದ್ದರು, ಅವಳ ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಅತ್ತೆಗೆ ಇದು ಇಷ್ಟವಿರಲಿಲ್ಲ. ಫೋಟೋ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ, ಹಸುಗೂಸಿನದಂತೂ ತೆಗೆಯಲೇಬಾರದು ಎಂದು ತೆಲುಗಿನಲ್ಲಿ ಹೇಳುತ್ತಲೇ ಇದ್ದರು. ತಾಯಿ ಮಗಳ ಹಣೆ ಒತ್ತುತ್ತಿದ್ದರು. ನಾನು ಚೀಲ ಹಿಡಿದುಕೊಂಡು ನಿಂತೇ ಇದ್ದೆ. ಆಗ ಅವಳೇ ನನ್ನ ಕಡೆ ತಿರುಗಿದಳು. ದನಿ ಸಣ್ಣದಾಗಿತ್ತು, ಆದರೆ ತಡವರಿಸಲಿಲ್ಲ.

“ಅಕ್ಕಾ, ನಮ್ಮಮ್ಮನ ಮುಖ ನಂಗೆ ಗೊತ್ತು. ಇದಕ್ಕೆ ನನ್ನ ಮುಖ ಗೊತ್ತಾಗ್ಬೇಕು. ತೆಗೀರಿ.”

ಅತ್ತೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ನಾನು ಮೊದಲು ಸಾಂಬ್ರಾಣಿಯ ಕೆಂಡವನ್ನು ಹೊರಗೆ ಕಳಿಸಿದೆ. ಕಂಬಳಿ ಬಿಚ್ಚಿದರೆ ಶೀತವಾಗುತ್ತದೆ ಎಂದು ತಾಯಿ ಬೇಡಿಕೊಂಡರು, ಅದನ್ನು ಮುಟ್ಟಲಿಲ್ಲ. ಬಾಗಿಲು ಮಾತ್ರ ತೆರೆಯಬಹುದು. ಬಾಗಿಲಿನ ಎದುರಿಗೆ ಅಂಗಳದಲ್ಲಿ ಬಿಸಿಲಿತ್ತು, ಆದರೆ ಅದು ಮಂಚದವರೆಗೆ ಬರುತ್ತಿರಲಿಲ್ಲ. ಹೊರಗೆ ಬಂದು ಯಜಮಾನರಿಗೆ ಕೋಣೆ ಹೇಗಿದೆ ಎಂದು ಹೇಳಿದೆ. ಬಿಸಿಲನ್ನು ಒಳಕ್ಕೆ ತಿರುಗಿಸು, ಬಿಳಿಯದು ಏನಾದರೂ ದೊಡ್ಡದು ನಿಲ್ಲಿಸು ಎಂದರು. ಸುತ್ತ ನೋಡಿದೆ. ಹುಳದ ಮನೆಯ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿದ್ದರು, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಆಳುದ್ದದ ಬಿದಿರ ತಟ್ಟಿಗಳು. ಆ ಹುಡುಗನಿಗೆ ಹೇಳಿ ಎರಡು ಚಂದ್ರಿಕೆಗಳ ಮೇಲೆ ಒಗೆದ ಬಿಳಿ ಪಂಚೆ ಬಿಗಿದು ಕಟ್ಟಿಸಿದೆ. ಅವನ್ನು ಬಿಸಿಲಿನಲ್ಲಿ ಬಾಗಿಲಿಗೆ ಎದುರಾಗಿ ಓರೆಯಾಗಿ ನಿಲ್ಲಿಸಿ, ಒಂದನ್ನು ಅವನೂ ಒಂದನ್ನು ಅವನ ಅಣ್ಣನೂ ಹಿಡಿದುಕೊಂಡರು.

ಒಳಗೆ ಹೋದರೆ ಕೋಣೆಯ ಗೋಡೆ ಬೇರೆ ಬಣ್ಣಕ್ಕೆ ತಿರುಗಿತ್ತು. ಅವಳು ಕಣ್ಣು ಕಿರಿದು ಮಾಡಿದಳು. ತಾಯಿ ಅವಳನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದರು, ತಲೆಯ ಬಟ್ಟೆ ಬಿಚ್ಚಿ ಕೂದಲು ಬಾಚಿ ಕುಂಕುಮ ಇಟ್ಟರು. ನಾನು ಅವಳ ಕೆನ್ನೆಯ ಹತ್ತಿರ ಮೀಟರು ಹಿಡಿದೆ. ಮುಳ್ಳು ಸ್ವಲ್ಪ ಎದ್ದಿತ್ತು, ಆದರೆ ಮೊದಲ ಗೆರೆಯನ್ನು ಮುಟ್ಟಲಿಲ್ಲ. ಕೈವಸ್ತ್ರ ಬಿಡಿಸಿ ಅವಳ ಮುಖದ ಪಕ್ಕ ಹಿಡಿದು ಅದನ್ನು ಅಳೆದೆ. ಈ ಸಲ ಅಂಕಿ ಬಂತು. ಐದರಷ್ಟು ಮಾಡಿದೆ. ಷಟರನ್ನು ತೆರೆದು, ನಿಧಾನವಾಗಿ ನಾಲ್ಕು ಎಣಿಸುವಷ್ಟು ಹೊತ್ತು ಹಾಗೇ ಬಿಟ್ಟು, ಮುಚ್ಚಬೇಕು. ಜ್ವರದ ಮೈಯಲ್ಲಿ ಅಲುಗದೆ ಅಷ್ಟು ಹೊತ್ತು ಕೂರುವುದು ಸಣ್ಣ ಮಾತಲ್ಲ. ಮೀಟರು ಹಿಡಿದಾಗ ನನ್ನ ಕೈಗೆ ತಾಗಿದ ಅವಳ ಉಸಿರು ಒಲೆಯ ಉರಿಯಂತಿತ್ತು.

ಉಸಿರು ಪೂರ್ತಿ ಬಿಟ್ಟು ಹಾಗೇ ಇರಮ್ಮ, ನಾನು ಹೇಳುವವರೆಗೆ ಎಂದೆ. ಮಗು ಮಡಿಲಲ್ಲಿ ನಿದ್ದೆಯಲ್ಲಿತ್ತು. ಅವಳು ಮಗುವಿನ ಮೇಲೆ ಕೈ ಇಟ್ಟು ಮಸೂರದ ಕಡೆ ನೋಡಿದಳು. ನಾನು ತಂತಿ ಒತ್ತಿದೆ. ಎಣಿಸುತ್ತಾ ಅವಳ ಮುಖವನ್ನೇ ನೋಡಿದೆ. ರೆಪ್ಪೆ ಕೂಡ ಬಡಿಯಲಿಲ್ಲ. ಮುಚ್ಚಿದ ಮೇಲೆ ಅವಳಿಗೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಇನ್ನೊಂದು ತೆಗೆಯಿರಿ ಎಂದು ಅವಳೇ ಹೇಳಿದಳು. ಎರಡನೆಯದನ್ನು ಇನ್ನೂ ಒಂದಷ್ಟು ಹೆಚ್ಚು ಹೊತ್ತು ತೆರೆದಿಟ್ಟೆ. ಅರ್ಧದಲ್ಲಿ ಮಗು ನಿದ್ದೆಯಲ್ಲೇ ಕೈ ಎತ್ತಿ ಇಳಿಸಿತು.

ಹೊರಗೆ ಬಂದಾಗ ಯಜಮಾನರು ಕ್ಯಾಮೆರಾದ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು.

ಸಂಜೆಯ ಹೊತ್ತಿಗೆ ಕೋಲಾರ ಸೇರಿದೆವು. ಬಾಣಂತಿ ಕೋಣೆಯಿಂದ ಮೈಲಿಗೆಯಾಗಿ ಬಂದವಳೆಂದು ನಮ್ಮತ್ತೆ ಹಿತ್ತಲಲ್ಲೇ ನನಗೆ ಸ್ನಾನಕ್ಕೆ ನೀರಿಟ್ಟರು. ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಯಜಮಾನರು ಕತ್ತಲೆ ಕೋಣೆಯಲ್ಲಿ ಬೋಗುಣಿಗಳನ್ನು ಸಾಲಾಗಿ ಇಟ್ಟುಕೊಂಡಿದ್ದರು. ರೋಲಿನಲ್ಲಿ ಇನ್ನೂ ಜಾಗವಿತ್ತು, ಆ ಅಭಾವದ ದಿನಗಳಲ್ಲಿ ಮುಗಿಯದ ರೋಲನ್ನು ಕತ್ತರಿಸಿ ತೊಳೆಯುವುದು ಯಾರೂ ಮಾಡುವ ಕೆಲಸವಲ್ಲ. ಯಜಮಾನರು ಕತ್ತರಿಯನ್ನೂ ತೆಗೆದಿಟ್ಟಿದ್ದರು. ಆ ಫಿಲ್ಮನ್ನು ಕೆಂಪು ದೀಪವೂ ಇಲ್ಲದ ಪೂರ್ತಿ ಕತ್ತಲಲ್ಲಿ ತೊಳೆಯಬೇಕು. ನನಗೆ ನನ್ನ ಕೈಯೇ ಕಾಣುತ್ತಿರಲಿಲ್ಲ, ನಾನು ಗೋಡೆಗೆ ಅಂಟಿ ನಿಂತಿದ್ದೆ. ಅವರು ಮಡಕೆಯ ನೀರಿಗೆ ಮೊಣಕೈ ಅದ್ದಿ ತಂಪು ನೋಡಿಕೊಂಡು, ಫಿಲ್ಮಿನ ಎರಡು ತುದಿ ಹಿಡಿದು ಡೆವಲಪರಿನಲ್ಲಿ ಮೇಲೆ ಕೆಳಗೆ ಆಡಿಸುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಅಲ್ಲಿ ಅವರು ಎಡವಲಿಲ್ಲ, ತಡಕಾಡಲಿಲ್ಲ. ಚಿತ್ರ ಅಳಿಯದಂತೆ ಹಿಡಿದಿಡುವ ಹೈಪೋ ದ್ರಾವಣದ ಬೋಗುಣಿಗೆ ಹಾಕಿದ ಮೇಲೆ, ದೀಪ ಹಚ್ಚು ಎಂದರು.

ನಾನು ಫಿಲ್ಮನ್ನು ಎತ್ತಿ ದೀಪಕ್ಕೆ ಹಿಡಿದೆ.

“ಏನಿದೆ ಹೇಳೇ,” ಎಂದರು.

ಮೊದಲನೆಯದು ಬೆಳಕು ಸಾಲದೆ ತೆಳುವಾಗಿದೆ. ಎರಡನೆಯದು ಬಂದಿದೆ. ಅವಳ ಕಣ್ಣು ಇದೆ, ತುಟಿ ಇದೆ, ಕುತ್ತಿಗೆಯ ಮೂಳೆ ಕೂಡ ಕಾಣುತ್ತದೆ. ಮಗುವಿನ ಮುಖ ಇದೆ. ಮಗುವಿನ ಒಂದು ಕೈ ಮಾತ್ರ ಹೊಗೆಯ ಹಾಗೆ ಹೋಗಿದೆ ಎಂದು ಹೇಳಿದೆ. ಹೋಗಲಿ, ಮಗು ಅಂದ ಮೇಲೆ ಕೈ ಆಡಿಸುತ್ತದೆ ಎಂದರು.

ಮಾರನೆಯ ಬೆಳಗ್ಗೆ ಅಚ್ಚು ಹಾಕಿ, ಅದು ಒಣಗಿದ ಕೂಡಲೆ ಮತ್ತೆ ಮುಳಬಾಗಿಲಿಗೆ ಹೊರಟೆವು. ಅವಳು ಇನ್ನೂ ಇದ್ದಳು. ನನ್ನನ್ನು ಗುರುತು ಹಿಡಿದಳು. ತಾಯಿ ಅವಳನ್ನು ಒರಗಿಸಿ ಕೂರಿಸಿದ ಮೇಲೆ ಚಿತ್ರವನ್ನು ಅವಳ ಕೈಗೆ ಕೊಟ್ಟೆ. ಬಾಗಿಲ ಕಡೆ ತಿರುಗಿಸಿಕೊಂಡು ನೋಡಿದಳು. ಹೆರಿಗೆಯಾದಾಗಿನಿಂದ ಅವಳಿಗೆ ಯಾರೂ ಕನ್ನಡಿ ಕೊಟ್ಟಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

“ನಾನು ಇಷ್ಟು ಸೊರಗಿದೀನಾ ಅಮ್ಮಾ,” ಎಂದು ತಾಯಿಯನ್ನು ಕೇಳಿದಳು.

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಾಗಿಲಲ್ಲಿದ್ದ ಅವಳ ಅತ್ತೆ ಒಳಗೆ ಬಂದು, ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದರು. ಕೆನ್ನೆಯನ್ನು ಸ್ವಲ್ಪ ತುಂಬಿಸಲು ಆಗುವುದಿಲ್ಲವೇ, ಪಟ ತೆಗೆಯುವವರು ಹಾಗೆ ಮಾಡುತ್ತಾರಂತಲ್ಲ ಎಂದು ಕೇಳಿದರು. ಆಗುತ್ತದೆ. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದುವುದು ಯಜಮಾನರಿಗೆ ಚೆನ್ನಾಗಿ ಬರುತ್ತಿತ್ತು, ಕಣ್ಣು ಚೆನ್ನಾಗಿದ್ದಾಗ. ಈಗ ನಾನು ಕಲಿಯಬೇಕಿತ್ತು. ಪ್ರಯತ್ನ ಮಾಡುತ್ತೇನೆ ಎಂದೆ.

ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. “ಬೇಡ ಅಕ್ಕಾ. ಇದೇ ಇರ್ಲಿ. ಮಗೂಗೆ ಸುಳ್ಳು ಮುಖ ಯಾಕೆ,” ಎಂದಳು. ಆಮೇಲೆ ಹೊಗೆಯಾಗಿದ್ದ ಆ ಪುಟ್ಟ ಕೈಯನ್ನು ಬೆರಳಿನಿಂದ ಸವರಿದಳು.

ವಾರ ಕಳೆಯುವುದರೊಳಗೆ ಅವಳು ಹೋದಳೆಂದು ಬಸ್ಸಿನ ಕಂಡಕ್ಟರನ ಮೂಲಕ ಸುದ್ದಿ ಬಂತು. ಆ ದಿನ ನಾನು ಅಡಿಗೆ ಮಾಡಲಿಲ್ಲ, ನಮ್ಮತ್ತೆಯೇ ಒಲೆ ಹಚ್ಚಿದರು. ಅವಳಿಗೆ ಆ ಚಿತ್ರ ತೋರಿಸಬಾರದಿತ್ತೇನೋ ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ತನಗೆ ಏನಾಗುತ್ತಿದೆ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದರಿಂದಲೇ ಕರೆಸಿದ್ದಳು. ಆದರೂ ಗೊತ್ತಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಯಜಮಾನರಿಗೆ ಒಂದು ಸಲ ಇದನ್ನು ಹೇಳಿದೆ. ಅವಳು ಕೇಳಿದ್ದನ್ನು ನೀನು ಕೊಟ್ಟೆ, ಅದಕ್ಕಿಂತ ಹೆಚ್ಚು ನಮ್ಮ ಕೈಯಲ್ಲಿಲ್ಲ ಎಂದರು. ನನಗೆ ಅದರಿಂದ ಸಮಾಧಾನವಾಯಿತು ಎಂದು ಹೇಳಲಾರೆ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಯಜಮಾನರಿಗೆ ಹಗಲಲ್ಲೂ ಅಕ್ಕಪಕ್ಕದ್ದು ಕಾಣದಾಯಿತು. ಬಿದಿರ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದು ಮಾತ್ರ ಕಾಣುತ್ತದೆ ಎನ್ನುತ್ತಿದ್ದರು. ಅಂಗಡಿ ಮುಚ್ಚುವ ಮಾತು ಬಂತು. ಮಾತೆತ್ತಿದವರು ನಮ್ಮತ್ತೆ. ತವರಿನಿಂದ ನಮ್ಮಣ್ಣನೂ ಬಂದು, ಯಲ್ದೂರಿಗೆ ಬನ್ನಿ, ತೋಪು ನೋಡಿಕೊಂಡು ಇರಬಹುದು ಎಂದು ಕರೆದ. ಎಲ್ಲವನ್ನೂ ಕೇಳಿಸಿಕೊಂಡು ಯಜಮಾನರು ನನ್ನ ಕಡೆ ಮುಖ ಮಾಡಿದರು.

“ತೆಗೆಯೋದು ನಿಂದು, ತೊಳೆಯೋದು ನಂದು. ಆಗುತ್ತೇನೇ?”

ಆಗುತ್ತದೆ ಎಂದೆ. ಅತ್ತೆ ಎದ್ದು ಒಳಗೆ ಹೋದರು. ಆದರೆ ಮುಂದೆ ನಾನು ಊರಿಗೆ ಹೊರಟ ದಿನಗಳಲ್ಲಿ ಬುತ್ತಿ ಕಟ್ಟಿ ಬಾಗಿಲ ಪಕ್ಕ ಇಟ್ಟಿರುತ್ತಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಹತ್ತಿರದ ಒಂದು ಮನೆಯಿಂದ ಕರೆ ಬಂತು. ಅಣ್ಣತಮ್ಮಂದಿರು ಪಾಲಾಗುವ ಮೊದಲು ಎಲ್ಲರೂ ಒಟ್ಟಿಗೆ ನಿಂತು ಒಂದು ಫೋಟೋ ಆಗಲಿ ಎಂದು ಅವರ ತಾಯಿಯ ಆಸೆ. ಯಜಮಾನರಿಗೆ ಅಷ್ಟು ಹೊತ್ತಿಗೆ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ತಿಳಿಯುತ್ತಿತ್ತು. ನಾನು ಚಿಕ್ಕ ರೈಲಿನಲ್ಲಿ ಒಬ್ಬಳೇ ಹೋದೆ. ಆ ಮನೆಯವರು ಆಗಲೇ ತೋಪಿನಲ್ಲಿ ದೊಡ್ಡ ಮರದ ಕೆಳಗೆ ಬೆಂಚು ಹಾಕಿಕೊಂಡು ಕೂತಿದ್ದರು. ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದು, ಒಬ್ಬರ ಹಣೆಯ ಮೇಲೆ ಬೆಂಕಿಯ ಹಾಗೆ, ಪಕ್ಕದವರ ಮುಖ ಕತ್ತಲು. ಮೀಟರಿನ ಮುಳ್ಳು ಒಂದು ಮುಖಕ್ಕೂ ಇನ್ನೊಂದು ಮುಖಕ್ಕೂ ಎಷ್ಟೋ ದೂರ ಓಡುತ್ತಿತ್ತು. ಎಲ್ಲರನ್ನೂ ಎಬ್ಬಿಸಿ ಮನೆಯ ಹಿಂಗೋಡೆಯ ನೆರಳಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ತಾಯಿಯನ್ನು ನಡುವೆ ಕೂರಿಸಿದೆ. ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಎರಡು ತುದಿಗೆ ಹೋಗಿ ನಿಂತರು. ಫೋಟೋದಲ್ಲಿ ಹಿಡಿಸುವುದಿಲ್ಲ, ಒತ್ತಿ ನಿಲ್ಲಿ ಎಂದು ಅವರನ್ನು ತಾಯಿಯ ಹಿಂದಕ್ಕೆ ಕರೆದೆ. ಬಂದು ನಿಂತರು.

ಒಬ್ಬೊಬ್ಬರ ಮುಖದ ಹತ್ತಿರ ಮೀಟರು ಹಿಡಿಯುತ್ತಾ ಬರುವಾಗ, ಸಾಲಿನ ಕೊನೆಯಲ್ಲಿದ್ದ ಹಿರಿಯರೊಬ್ಬರು ಯಜಮಾನರು ಬರಲಿಲ್ಲವೇ ಎಂದು ಕೇಳಿದರು.

“ಅವರು ಮನೇಲಿದಾರೆ. ನಾನು ಈ ಫಿಲ್ಮನ್ನ ತಗೊಂಡು ಹೋದ್ಮೇಲೆ ಅವರ ಕೆಲಸ ಶುರು,” ಎಂದೆ.

ಅವರು ತಲೆಯಾಡಿಸಿ ಪೇಟ ಸರಿಮಾಡಿಕೊಂಡರು. ನಾನು ಕ್ಯಾಮೆರಾದ ಹತ್ತಿರ ಹೋಗಿ, ಎಲ್ಲರೂ ಇಲ್ಲಿ ನೋಡಿ ಎಂದೆ.